ಕೈವಾರ ಬಿಡಿ, ಗಡಿಯಾರ ಹಿಡಿಯಿರಿ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮುಂದಿನ ಸಾಲಿನಲ್ಲಿರುವ ಆಶಾ ಕಾರ್ಯಕರ್ತೆಯರೇ, ಭೂಗೋಳ ವಿಭಾಗದ ವಿದ್ಯಾರ್ಥಿಗಳೇ,

ಬಯಲಿನಲ್ಲಿ 30 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20 ಸಾವಿರಕ್ಕೊಂದು. ಉಪಕೇಂದ್ರಕ್ಕೆ 5 ಸಾವಿರ, 3 ಸಾವಿರ. ಈ ಲೆಕ್ಕ ಇಲ್ಲಿರುವವರಿಗೆಲ್ಲ ಬಾಯಿಪಾಠ. ನನ್ನ ತಕರಾರು ಆ ಲೆಕ್ಕ ಮುಗಿದ ಮೇಲೆ ನಾವು ನಕ್ಷೆಯ ಮೇಲೆ ಮಾಡುವ ಕೆಲಸದ ಬಗ್ಗೆ. ಆಸ್ಪತ್ರೆಯ ಚುಕ್ಕೆಯ ಮೇಲೆ ಕೈವಾರದ ಮುಳ್ಳು ಊರಿ ಒಂದು ವೃತ್ತ ಎಳೆಯುತ್ತೇವೆ. ಒಳಗೆ ಬಿದ್ದ ಊರುಗಳಿಗೆಲ್ಲ ಸೇವೆ ಸಿಕ್ಕಿತೆಂದು ಬರೆದುಕೊಳ್ಳುತ್ತೇವೆ. ಕಂಪ್ಯೂಟರ್ ಬಂದ ಮೇಲೆ ಕೈವಾರ ಮೂಲೆ ಸೇರಿತು. ವೃತ್ತ ಮಾತ್ರ ಉಳಿದುಕೊಂಡಿತು.

ಶರಾವತಿ ಹಿನ್ನೀರಿಗೆ ಸೇತುವೆ ಆಗುವುದಕ್ಕೆ ಮುಂಚಿನ ಮಾತು. ಒಬ್ಬ ಹುಡುಗ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಆಸ್ಪತ್ರೆಯ ಸುತ್ತ 30 ಕಿಲೋಮೀಟರಿನ ವೃತ್ತ ಎಳೆದು, ಹಸಿರು ಬಣ್ಣ ತುಂಬಿ ತೋರಿಸಿದ. ಹಿನ್ನೀರಿನ ಆಚೆ ದಡದ ತುಮರಿ ಊರೂ ಹಸಿರಿನೊಳಗಿತ್ತು. ಹಿಂದೆ ನಿಂತು ನೋಡುತ್ತಿದ್ದ ಆ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು, "ತಮ್ಮಾ, ರಾತ್ರಿ ಹೆರಿಗೆ ನೋವು ಬಂದರೆ ಇದರಲ್ಲಿ ಯಾವ ದಾರಿ ಹಿಡಿಯಬೇಕು?" ಎಂದು ಕೇಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ, ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡಕ್ಕೆ ಲಾಂಚೇ ಗತಿ. ಕತ್ತಲಾದ ಮೇಲೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಸಾಗಿಸುವುದೂ ನಿಲ್ಲುತ್ತಿತ್ತು. ಉಳಿದದ್ದು ಕಾಡು ಬಳಸಿ ಬರುವ ಸುತ್ತುದಾರಿ. ಹುಡುಗ ಜಾಣ, ವಾದಕ್ಕಿಳಿಯಲಿಲ್ಲ. ಆಕೆಗೊಂದು ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡ.

ಅವರಿಬ್ಬರೂ ಆಮೇಲೆ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇವತ್ತಿನ ವಿಷಯವೇ ಅದು. ನೆಲವನ್ನು 30 ಮೀಟರಿನ ಸಣ್ಣ ಸಣ್ಣ ಚೌಕಗಳಾಗಿ ಹೋಳು ಮಾಡಿಕೊಳ್ಳಬೇಕು. ಪ್ರತಿ ಚೌಕಕ್ಕೂ ಒಂದು ವೇಗ: ಡಾಂಬರು ರಸ್ತೆಗೆ ಒಂದು, ಮಣ್ಣು ರಸ್ತೆಗೆ ಇನ್ನೊಂದು, ಕಾಲುದಾರಿಗೆ ಮತ್ತೊಂದು, ಏರು ಕಡಿದಾದಷ್ಟೂ ನಡಿಗೆ ನಿಧಾನ. ಆಸ್ಪತ್ರೆಯಿಂದ ಪ್ರತಿ ಚೌಕಕ್ಕೆ ಎಷ್ಟು ನಿಮಿಷ ಎಂದು ತಂತ್ರಾಂಶ ಕೂಡಿಸಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಕ್ಸೆಸ್‌ಮಾಡ್ ಇದಕ್ಕೆಂದೇ ಇದೆ, ಉಚಿತವಾಗಿ ಸಿಗುತ್ತದೆ. ಇನ್ನು ನೀರಿನ ಚೌಕಕ್ಕೆ ಯಾವ ವೇಗ? ಹಗಲಿನಲ್ಲಿ ಲಾಂಚಿನ ವೇಗ, ಜೊತೆಗೆ ದಡದಲ್ಲಿ ಕಾಯುವ ಹೊತ್ತು. ರಾತ್ರಿ ಅದು ಗೋಡೆ. ಹೀಗೆ ಒಂದೇ ಊರಿಗೆ ಎರಡು ನಕ್ಷೆಗಳಾದವು. ರಾತ್ರಿಯ ನಕ್ಷೆಯಲ್ಲಿ ಹುಡುಗನ ಹಸಿರು ಆ ದಡ ಮುಟ್ಟಲೇ ಇಲ್ಲ.

ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾದರೆ, ಚಿಕಿತ್ಸೆ ಸಿಗದಿದ್ದಲ್ಲಿ ಆರೋಗ್ಯವಂತ ಬಾಣಂತಿಯೂ ಎರಡು ಗಂಟೆಯೊಳಗೆ ತೀರಿಕೊಳ್ಳಬಹುದು. ಗಂಟೆಯಲ್ಲಿ ಅಳೆಯಬೇಕಾದ ಅಪಾಯವನ್ನು ಕಿಲೋಮೀಟರಿನಲ್ಲಿ ಅಳೆಯುವುದು ನಿಲ್ಲಬೇಕು. ಅದಕ್ಕೇ ಹೋದಲ್ಲೆಲ್ಲ ಹೇಳುತ್ತೇನೆ, ಕೈವಾರ ಬಿಡಿ, ಗಡಿಯಾರ ಹಿಡಿಯಿರಿ ಎಂದು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. 2 ಕಿಲೋಮೀಟರಿಗೂ ಉದ್ದದ ಸೇತುವೆ, ಆ ಭಾಗದವರು ದಶಕಗಳ ಕಾಲ ಕೇಳಿ ಪಡೆದದ್ದು. ಒಂದೇ ದಿನದಲ್ಲಿ ರಾತ್ರಿಯ ಗೋಡೆ ಬಿತ್ತು. ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಅಲ್ಲಿ ಏನೂ ಬದಲಾಗಿಲ್ಲ! ಸಮಯದ ನಕ್ಷೆಯನ್ನು ಮಾತ್ರ ಹೊಸದಾಗಿ ಮಾಡಬೇಕು. ಮಾಡಿದರೆ, ಸೇತುವೆಯಿಂದ ಒಳಗೆ ಇನ್ನೂ ದೂರವೇ ಉಳಿದ ಕೇರಿಗಳು ಎದ್ದು ಕಾಣುತ್ತವೆ. ಆಂಬ್ಯುಲೆನ್ಸ್ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಅದರಿಂದಲೇ ತೀರ್ಮಾನಿಸಬೇಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಹೊಸ ಕೇಂದ್ರ ಎಲ್ಲಿರಲಿ ಎಂದು ತಂತ್ರಾಂಶವನ್ನು ಕೇಳುವಾಗ, ಏನನ್ನು ಕಡಿಮೆ ಮಾಡಬೇಕೆಂದು ನೀವೇ ಹೇಳಬೇಕಾಗುತ್ತದೆ. ಎಲ್ಲರ ಪ್ರಯಾಣದ ಒಟ್ಟು ಸಮಯವನ್ನು ಕಡಿಮೆ ಮಾಡು ಎಂದರೆ ಅದು ಕೇಂದ್ರವನ್ನು ಜನ ದಟ್ಟವಾಗಿರುವ ಪೇಟೆಯ ಕಡೆಗೆ ಎಳೆಯುತ್ತದೆ. ತೀರಾ ದೂರದಲ್ಲಿರುವವರ ಸಮಯವನ್ನು ಕಡಿಮೆ ಮಾಡು ಎಂದರೆ ಉತ್ತರವೇ ಬೇರೆ. ನಾನು ಎರಡನೆಯದರ ಪರ. ಮಲೆನಾಡಿನಲ್ಲಿ ಸರಾಸರಿಯ ಲೆಕ್ಕ ಹಿಡಿದು ಹೊರಟರೆ ಒಂಟಿಮನೆಯವರಿಗೆ ಎಂದೂ ಸರದಿ ಬರುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ; ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಜನಗಣತಿಯ ಗ್ರಾಮವನ್ನು ಒಂದೇ ಚುಕ್ಕೆಯಾಗಿ ಇಡಬೇಡಿ. ನಮ್ಮಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿವೆ. ಮಳೆಗಾಲಕ್ಕೆ ಬೇರೆಯೇ ನಕ್ಷೆ ಬೇಕು. 2018ರ ಕೊನೆಯಲ್ಲಿ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ರೋಗಿಗಳು ಮಣಿಪಾಲದವರೆಗೂ ಹೋದರು. ಹತ್ತಿರದ ಕೇಂದ್ರದಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ ಎಂಬುದೂ ನಕ್ಷೆಗೆ ಬರಬೇಕು. ವೈದ್ಯರಿಲ್ಲದ ಕಟ್ಟಡಕ್ಕೆ ಚುಕ್ಕೆ ಇಡಲೇಬೇಡಿ.

ಊಟದ ನಂತರ ಪಕ್ಕದ ಕೊಠಡಿಯಲ್ಲಿ ತಾಲ್ಲೂಕಿನ ನಕ್ಷೆ ತೆರೆದಿರುತ್ತದೆ. ಆಶಾ ಕಾರ್ಯಕರ್ತೆಯರು ದಯವಿಟ್ಟು ಬನ್ನಿ. ಹಳ್ಳದ ಮೇಲಿನ ಯಾವ ಸಂಕ, ಅಂದರೆ ಕಾಲುಸೇತುವೆ, ಮಳೆಗಾಲದಲ್ಲಿ ಮುಳುಗುತ್ತದೆ, ಜೀಪು ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಮುಂದೆ ಕಂಬಳಿಯಲ್ಲಿ ಹೊತ್ತು ತರಬೇಕು ಎನ್ನುವುದನ್ನು ನೀವು ಹೇಳಿ, ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳುತ್ತಾರೆ.