ಶ್ರುತಿ ತಪ್ಪಿದ ಗಡಿಯಾರ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಾಗಳ ಮನೆಗಳಲ್ಲಿ ಕುಳಿತು ಈ ಭಾಷಣವನ್ನು ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕಡಲಿಗಿಳಿಯುವ ದೋಣಿಗಳಲ್ಲಿ ಇಂದು ಜಿಪಿಎಸ್ ಇದೆ; ಅಡಿಕೆ ತೋಟದ ಗಡಿಯನ್ನು ಗುರುತಿಸಲು ಬರುವ ಸರ್ವೆಯವರ ಕೋಲಿನ ತುದಿಯಲ್ಲಿಯೂ ಅದೇ ವಿದ್ಯೆ ಇದೆ. ಉಪಗ್ರಹವು ಮೇಲಿನಿಂದ ನಮ್ಮನ್ನು ನೋಡಿ ಸ್ಥಳವನ್ನು ಹೇಳುತ್ತದೆಯೆಂದು ಕಲಿತವರೂ ನಂಬಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅದು ನಮ್ಮನ್ನು ನೋಡುವುದಿಲ್ಲ. ತಾನು ಎಲ್ಲಿದ್ದೇನೆ, ತನ್ನ ಗಡಿಯಾರದಲ್ಲಿ ಎಷ್ಟು ಹೊತ್ತಾಗಿದೆ ಎಂಬುದನ್ನು ಮಾತ್ರ ಸಾರುತ್ತದೆ. ಆ ಸಂಕೇತವು ನಮ್ಮನ್ನು ತಲಪಲು ತೆಗೆದುಕೊಂಡ ಸಮಯದಿಂದ ನಮ್ಮ ಕೈಯಲ್ಲಿರುವ ಉಪಕರಣವೇ ದೂರವನ್ನು ಲೆಕ್ಕ ಹಾಕುತ್ತದೆ. ಸ್ಥಳವನ್ನು ಅಳೆಯುವುದೆಂದರೆ ಕಾಲವನ್ನು ಅಳೆಯುವುದು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರವು 300 ಮೀಟರಿನಷ್ಟು ತಪ್ಪುತ್ತದೆ.

ಬಾಹ್ಯಾಕಾಶದಲ್ಲಿ ಗಡಿಯಾರಗಳನ್ನು ಕೆಡಿಸುವ ಕಾರಣಗಳಲ್ಲಿ ವಿಕಿರಣವೂ ಒಂದು. ಅಮೆರಿಕ ಮತ್ತು ಫ್ರಾನ್ಸ್ ಸೇರಿ 2001ರ ಡಿಸೆಂಬರಿನಲ್ಲಿ ಹಾರಿಸಿದ ಜೇಸನ್-1 ಉಪಗ್ರಹವು 1,336 ಕಿಲೋಮೀಟರ್ ಎತ್ತರದಿಂದ ಸಮುದ್ರದ ಮಟ್ಟವನ್ನು ಅಳೆಯುತ್ತಿತ್ತು. ತನ್ನ ಪಥವನ್ನು ತಿಳಿಯಲು ಅದರಲ್ಲಿ ಡೋರಿಸ್ ಎಂಬ ಫ್ರೆಂಚ್ ವ್ಯವಸ್ಥೆಯಿತ್ತು. ಇಲ್ಲಿ ಸಂಕೇತವನ್ನು ಕಳುಹಿಸುವುದು ನೆಲದ ಕೇಂದ್ರಗಳು, ಕೇಳಿಸಿಕೊಳ್ಳುವುದು ಉಪಗ್ರಹ. ಹತ್ತಿರ ಬರುವ ರೈಲಿನ ಸೀಟಿ ಏರು ದನಿಯಲ್ಲಿಯೂ ದೂರ ಸರಿಯುವಾಗ ಇಳಿದನಿಯಲ್ಲಿಯೂ ಕೇಳಿಸುವಂತೆ, ಬಂದ ಸಂಕೇತದ ಆವೃತ್ತಿಯನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು, ಉಪಗ್ರಹವು ತನ್ನೊಳಗೆ ಗಡಿಯಾರವಾಗಿ ಕೆಲಸ ಮಾಡುವ ಸ್ಫಟಿಕದ ಕಂಪನದೊಡನೆ ಹೋಲಿಸಿ ವೇಗವನ್ನು ತಿಳಿಯುತ್ತದೆ.

ಈಗ ನಮ್ಮ ಯಕ್ಷಗಾನದ ರಂಗಸ್ಥಳವನ್ನು ನೆನೆಯಿರಿ. ಶ್ರುತಿಪೆಟ್ಟಿಗೆಯ ಸ್ವರವೇ ಯಾರ ಅರಿವಿಗೂ ಬಾರದಂತೆ ಮೆಲ್ಲಗೆ ಜಾರಿದರೆ, ಸರಿಯಾಗಿಯೇ ಹಾಡುತ್ತಿರುವ ಭಾಗವತರು ಅಪಶ್ರುತಿಯಾದಂತೆ ಕೇಳಿಸುತ್ತದೆ. ಜೇಸನ್-1ರಲ್ಲಿ ನಡೆದದ್ದು ಇದುವೇ. ಬ್ರೆಜಿಲ್ ಮತ್ತು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಕ್ಷೇತ್ರವು ದುರ್ಬಲವಾಗಿರುವುದರಿಂದ ಭೂಮಿಯನ್ನು ಸುತ್ತುವರಿದ ವಿಕಿರಣದ ವಲಯವಾದ ವಾನ್ ಅಲೆನ್ ಪಟ್ಟಿಯ ಪ್ರೋಟಾನುಗಳೆಂಬ ಕಣಗಳು ಅಲ್ಲಿ ಕೆಳಕ್ಕೆ ಇಳಿದಿರುತ್ತವೆ. ಉಪಗ್ರಹವು ಆ ಪ್ರದೇಶವನ್ನು ಹಾದಾಗಲೆಲ್ಲ ಅವುಗಳ ಹೊಡೆತಕ್ಕೆ ಸ್ಫಟಿಕದ ಆವೃತ್ತಿ ಬದಲಾಗುತ್ತಿತ್ತು. ಪರಿಣಾಮವಾಗಿ, ಕಾಂಕ್ರೀಟಿನಲ್ಲಿ ಭದ್ರವಾಗಿ ನಿಂತಿದ್ದ ದಕ್ಷಿಣ ಅಮೆರಿಕದ ನೆಲದ ಕೇಂದ್ರಗಳು ಲೆಕ್ಕದಲ್ಲಿ ಜಾಗ ಬಿಟ್ಟು ಸರಿದಂತೆ ಕಂಡವು. ಸರಿದದ್ದು ನೆಲವಲ್ಲ, ಗಡಿಯಾರ. ಸಮುದ್ರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುವುದನ್ನು ಹಿಡಿಯಬೇಕಾದ ವಿಜ್ಞಾನಕ್ಕೆ ಇದು ಸಣ್ಣ ತಪ್ಪಲ್ಲ. ಫ್ರೆಂಚ್ ಸಂಶೋಧಕರು ಆ ಜಾರುವಿಕೆಯನ್ನೇ ಗಣಿತದ ಮಾದರಿಯಾಗಿಸಿ ಅಳತೆಯನ್ನು ತಿದ್ದಿದರು. ಮುಂದಿನ ಸ್ಫಟಿಕಗಳನ್ನು ವಿಕಿರಣಕ್ಕೆ ಮೊದಲೇ ಒಡ್ಡಿ, ತಾಳಿಕೊಳ್ಳುವಂಥವನ್ನು ಆರಿಸುವ ಕ್ರಮವೂ ಇದೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ನಮ್ಮ ದೇಶದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಿಪಿಎಸ್‌ನಂತೆ ಸ್ಥಳವನ್ನು ತಿಳಿಸುವ ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹಗಳಲ್ಲಿ ವಿದೇಶದಿಂದ ತಂದ ಪರಮಾಣು ಗಡಿಯಾರಗಳಿದ್ದವು. 2023ರ ಮೇ 29ರಂದು ಹಾರಿದ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ಅಹಮದಾಬಾದಿನಲ್ಲಿ ರೂಪುಗೊಂಡ ನಮ್ಮದೇ ರುಬಿಡಿಯಂ ಪರಮಾಣು ಗಡಿಯಾರವಿದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚರಣಾ ಕೇಂದ್ರವು ನಾವಿಕ್ ಗಡಿಯಾರಗಳು ಎಷ್ಟು ಜಾರಿವೆಯೆಂದು ಲೆಕ್ಕ ಹಾಕುತ್ತಲೇ ಇರುತ್ತದೆ, ಮತ್ತು ಆ ತಿದ್ದುಪಡಿಯು ಉಪಗ್ರಹದ ಸಂಕೇತದಲ್ಲಿಯೇ ಬೆರೆತು ನಾವಿಕ್ ಸೌಲಭ್ಯವಿರುವ ಮೊಬೈಲಿನವರೆಗೆ ಬರುತ್ತದೆ.