ಬನ್ನಿ ಕೊಡಲು ಬಂದವರು ಪರೀಕ್ಷೆ ನಡೆಸಬೇಡಿ

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಪ್ರತಿಕ್ರಿಯೆಯೊಂದು ನನ್ನನ್ನು ಬಹಳ ಕಾಡಿದೆ. ಮರೆವಿನ ಕಾಯಿಲೆ ಇರುವ ಹಿರಿಯರನ್ನು ಕಂಡಾಗಲೆಲ್ಲ ‘ನಾ ಯಾರು ಹೇಳ್ರಿ’ ಎಂದು ಕೇಳುತ್ತಲೇ ಇರಬೇಕು, ಮೆದುಳಿಗೆ ಅದೇ ವ್ಯಾಯಾಮ ಎಂದು ಒಬ್ಬರು ಬರೆದಿದ್ದಾರೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ದಸರೆ ಎದುರಿಗೇ ಇರುವಾಗ ಈ ಮಾತಿಗೆ ಉತ್ತರ ಕೊಡದೆ ಬಿಡುವುದು ನನ್ನಿಂದಾಗದು.

ವಿಜಯದಶಮಿಯ ಸಂಜೆ ಕಲಬುರಗಿಯ ಓಣಿಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಪುಣೆ, ಹೈದರಾಬಾದ್, ಬೆಂಗಳೂರುಗಳಿಂದ ಬಂದ ಮಕ್ಕಳು, ಮೊಮ್ಮಕ್ಕಳು, ನೆರೆಯವರು ಎಲ್ಲರೂ ಬನ್ನಿ ಎಲೆ ಹಿಡಿದು ಬರುತ್ತಾರೆ. ಹಿರಿಯರ ಕಾಲಿಗೆ ನಮಸ್ಕರಿಸಿ ‘ಬಂಗಾರದಂಗ ಇರೋಣು’ ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚಂದವಿತ್ತು. ಆದರೆ ಬಗ್ಗಿದ ಪ್ರತಿಯೊಬ್ಬರೂ ‘ಆಯಿ, ನನ್ನ ಗುರ್ತ ಹತ್ತಿತೇನು? ಹೆಸರ ಹೇಳ ನೋಡೋಣು’ ಎಂದು ಶುರು ಮಾಡುತ್ತಾರೆ. ಉತ್ತರ ಬರದಿದ್ದರೆ ಪಕ್ಕದವರು ಸುಳಿವು ಕೊಡುತ್ತಾರೆ, ತಪ್ಪು ಹೆಸರು ಬಂದರೆ ಕೋಣೆಯೇ ನಗುತ್ತದೆ, ‘ಅರವತ್ತಕ್ಕೆ ಅರಳು ಮರಳು’ ಎಂದು ಯಾರೋ ಗಾದೆಯನ್ನೂ ಸೇರಿಸುತ್ತಾರೆ. ಆ ನಗೆಯ ನಡುವೆ ಕುಳಿತ ಆಯಿಯ ಮುಖವನ್ನು ಯಾರೂ ನೋಡುವುದಿಲ್ಲ.

ಇದು ವಯಸ್ಸಿನ ಮರೆವಲ್ಲ, ಮೆದುಳಿನ ಕಾಯಿಲೆ. ಭಾರತದಲ್ಲಿ 60 ದಾಟಿದವರಲ್ಲಿ ಅಂದಾಜು 88 ಲಕ್ಷ ಜನರಿಗೆ ಡಿಮೆನ್ಶಿಯಾ, ಅಂದರೆ ಈ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಇದರಲ್ಲಿ ಹೆಚ್ಚಾಗಿ ಕಾಣುವ ಅಲ್ಝೈಮರ್ ಕಾಯಿಲೆ, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಮೊದಮೊದಲೇ ಹಾಳುಗೆಡಹುತ್ತದೆ. ಹಳೆಯ ನೆನಪುಗಳು ಮಾತ್ರ ಬಹುಕಾಲ ಉಳಿಯುತ್ತವೆ. ಆಯಿಯ ನೆನಪಿನಲ್ಲಿರುವ ನೀವು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ. ಎದುರಿಗೆ ನಿಂತವರು ಗಡ್ಡ ನರೆತ ಗೃಹಸ್ಥ. ಅವರು ನಿಮ್ಮನ್ನು ಮರೆತಿಲ್ಲ, ಈ ಮುಖ ಅವರಿಗೆ ಪರಿಚಯವಿಲ್ಲ. ಹಾಗಿರುವಾಗ ಹೆಸರು ಹೇಳು ಎಂದು ಒತ್ತಾಯಿಸುವುದು ಯಾವ ಪ್ರೀತಿ?

‘ಕೇಳಿದ್ದನ್ನು ಅವರು ಆ ಮೇಲೆ ಮರೆತೇ ಬಿಡುತ್ತಾರಲ್ಲ’ ಎಂದು ನೀವು ಹೇಳಬಹುದು. ಪ್ರಶ್ನೆಯನ್ನು ಮರೆಯುತ್ತಾರೆ, ಅವಮಾನವನ್ನು ಮರೆಯುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಝೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ದೃಶ್ಯಗಳನ್ನು ತೋರಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನೇ ಹೇಳುತ್ತದೆ: ನೋಡಿದ್ದು ನೆನಪಿನಿಂದ ಜಾರಿದ ಮೇಲೂ ಅದರಿಂದ ಹುಟ್ಟಿದ ಭಾವನೆ ಉಳಿದಿತ್ತು. ಮೊದಲೇ ಹೊತ್ತು ಮುಳುಗುವಾಗ ಇಂಥವರ ಗಲಿಬಿಲಿ ಹೆಚ್ಚುತ್ತದೆ. ನೀವು ಬನ್ನಿ ಕೊಟ್ಟು, ಫಳಾರ ತಿಂದು ಹೊರಟುಹೋಗುತ್ತೀರಿ. ಕಾರಣ ತಿಳಿಯದ ಸಂಕಟದಲ್ಲಿ ಬಾಗಿಲು ತೆಗೆದು ಹೊರಗೆ ಹೊರಡುವ ಅತ್ತೆಯನ್ನು ರಾತ್ರಿಯಿಡೀ ಕಾಯುವವಳು ಆ ಮನೆಯ ಸೊಸೆ. ಅವಳ ಹಬ್ಬದ ಬಗ್ಗೆ ಯೋಚಿಸಿದ್ದೀರಾ?

ಇನ್ನು ವ್ಯಾಯಾಮದ ಮಾತು. ಮೆದುಳಿಗೆ ಚಟುವಟಿಕೆ ಬೇಕು, ನಿಜ. ಆದರೆ ಡಿಮೆನ್ಶಿಯಾ ಇದ್ದವರಿಗೆಂದೇ ರೂಪಿಸಿದ ಗುಂಪು ಚಟುವಟಿಕೆಗಳಲ್ಲೂ ಸರಿ ಉತ್ತರ ಹೇಳು ಎನ್ನುವುದಿಲ್ಲ, ಅಭಿಪ್ರಾಯ ಕೇಳುತ್ತಾರೆ. ನೀವೂ ಹಾಗೆಯೇ ಕೇಳಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂದಾಗ, ಕಾಳು, ಸೊಪ್ಪು ಬೆರೆಸಿ ಮಾಡುವ ಭಜ್ಜಿ ಪಲ್ಯಕ್ಕೆ ಯಾವ ಕಾಳು ಹಾಕಿದರೆ ರುಚಿ ಎಂದು ಕೇಳಿ, ಹಸಿ ತೊಗರಿಕಾಯಿಯನ್ನು ಮೊರದಲ್ಲಿಟ್ಟು ಬಿಡಿಸಲು ಕೊಡಿ, ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಲು ಕೊಡಿ. ಹೆಸರು ಹೊಳೆಯದ ಎಷ್ಟೋ ಹಿರಿಯರಿಗೆ ಕೈಗೆಲಸ ಇನ್ನೂ ಗೊತ್ತಿರುತ್ತದೆ. ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ಕೂಗು ಕೇಳಿದರೆ ಅವರೂ ದನಿಗೂಡಿಸಬಹುದು. ಅದು ವ್ಯಾಯಾಮ. ನೀವು ನಡೆಸುವುದು ಪರೀಕ್ಷೆ.

ವೈದ್ಯರೂ ಕೇಳುತ್ತಾರಲ್ಲ ಎನ್ನುವವರಿಗೆ ಒಂದೇ ಮಾತು: ವೈದ್ಯರು ಸದ್ದಿಲ್ಲದ ಕೋಣೆಯಲ್ಲಿ, ಕಾರಣವಿಟ್ಟುಕೊಂಡು ಕೇಳುತ್ತಾರೆ. ನಮ್ಮಾಯಿ ಹೆಸರು ಹೇಳಿ ಖುಷಿಪಡುತ್ತಾಳೆ ಎನ್ನುವವರು, ಹೇಳಲಾಗದ ದಿನ ಅವಳಿಗೆ ಏನಾಗುತ್ತದೆ ಎಂಬುದನ್ನೂ ಹೇಳಲಿ.

ಒಳಗೆ ಬಂದ ಕೂಡಲೇ ಎದುರಿಗೆ ಕುಳಿತು ‘ಆಯಿ, ನಾ ನಿನ್ನ ತಂಗಿ ಮಗ, ಆಳಂದದಿಂದ ಬನ್ನಿ ಕೊಡಲಿಕ್ಕೆ ಬಂದೀನಿ’ ಎಂದು ನೀವೇ ಹೇಳಿ. ಒಬ್ಬೊಬ್ಬರಾಗಿ ಹೋಗಿ. ಅವರು ನಿಮ್ಮನ್ನು ತಮ್ಮ ತೀರಿಹೋದ ಅಣ್ಣ ಎಂದುಕೊಂಡರೆ ತಿದ್ದಬೇಡಿ, ಆ ಅಣ್ಣನ ಬಗ್ಗೆಯೇ ಮಾತನಾಡಿ. ಕೇಳಬೇಡಿ, ಹೇಳಿ! ಹೆಸರು ನಿಮ್ಮದು, ನೆನಪು ನಿಮಗಿದೆ, ಹೇಳುವುದಕ್ಕೆ ಏನು ಕಷ್ಟ? ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ. ಕೇಳಬೇಡಿ ಎಂದರೆ ಕೇಳಬೇಡಿ.

ಈ ಸಂಚಿಕೆಯನ್ನು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ದಶಮಿಗೆ ಮೊದಲೇ ಕಳುಹಿಸಿ, ಚಾನೆಲ್‌ಗೆ ಚಂದಾದಾರರಾಗಿ. ಆರೈಕೆ ಮಾಡಿ ಸೋತು ಹೋದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ದೀಪಾವಳಿಯ ಪಟಾಕಿ ಸದ್ದಿನ ಬಗ್ಗೆ ಮುಂದಿನ ವಾರ ಮಾತನಾಡುತ್ತೇನೆ.