ಮೊದಲು ತಳ ತಿರುಗಿಸಿ ನೋಡಿ

ಕೇಳುಗರೆ, ನಮಸ್ಕಾರ.

2023ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಮಹಿಳೆ ಹಳೆ ಸಾಮಾನಿನ ಅಂಗಡಿಯೊಂದರಿಂದ ಗಾಜಿನ ಹೂದಾನಿ ಕೊಂಡರು. ಬೆಲೆ 3 ಡಾಲರ್ 99 ಸೆಂಟ್. ಬಾಟಲಿಯಂಥ ಆಕಾರ. ಕೆಂಪು ಮತ್ತು ತಿಳಿ ಹಸಿರು ಪಟ್ಟೆಗಳು ಮೈ ಸುತ್ತಿಕೊಂಡು ಮೇಲೇರಿದ್ದವು. ಅದೇ ಡಿಸೆಂಬರಿನಲ್ಲಿ ಆ ಹೂದಾನಿ ಹರಾಜಿಗೆ ಬಂತು. 1,07,100 ಡಾಲರಿಗೆ ಹೋಯಿತು!

ಬರೀ ಅದೃಷ್ಟ ಅಂತ ಅನಿಸುತ್ತದೆ, ಅಲ್ವಾ? ಅದೃಷ್ಟ ಇತ್ತು, ನಿಜ. ಆದರೆ ಆಕೆ ಹೂದಾನಿಯ ತಳವನ್ನೂ ನೋಡಿದ್ದರು. ಅಲ್ಲಿ ಮುರಾನೊ ಎಂದು ಓದಬಹುದಾದ ಮಸುಕು ಗುರುತಿತ್ತು.

ಮುರಾನೊ ಅಂದರೆ ವೆನಿಸ್ ಪಕ್ಕದ ದ್ವೀಪ. ಕುಲುಮೆಯಿಂದ ಊರಿಗೆ ಬೆಂಕಿ ಬಿದ್ದೀತು ಎಂಬ ಭಯಕ್ಕೆ 1291ರಲ್ಲಿ ವೆನಿಸ್ ಆಡಳಿತ ಗಾಜಿನ ಕುಲುಮೆಗಳನ್ನು ಅಲ್ಲಿಗೆ ಕಳಿಸಿತು. ಇವತ್ತಿಗೂ ಅಲ್ಲಿ ಗಾಜು ಊದುತ್ತಾರೆ. ನಮ್ಮ ಹೂದಾನಿ 1921ರಲ್ಲಿ ಶುರುವಾದ ವೆನಿನಿ ಕಂಪನಿಯದು. ವಿನ್ಯಾಸ ಕಾರ್ಲೊ ಸ್ಕಾರ್ಪಾ ಅವರದು, 1940ರ ದಶಕದ್ದು. ಸ್ಕಾರ್ಪಾ ದೊಡ್ಡ ವಾಸ್ತುಶಿಲ್ಪಿ ಅಂತಲೂ ಹೆಸರಾದವರು.

ತಳವನ್ನೇ ಯಾಕೆ ನೋಡಬೇಕು? ಗಾಜು ಊದುವ ಕ್ರಮ ತಿಳಿದರೆ ಅರ್ಥವಾಗುತ್ತದೆ. ಕರಗಿದ ಗಾಜು ಬೆಲ್ಲದ ಪಾಕದ ಹಾಗೆ ಅಂಟಂಟು. ಅದನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು, ತಿರುಗಿಸುತ್ತಾ ಊದುತ್ತಾರೆ. ಹೊಟ್ಟೆ ಉಬ್ಬಿತು, ಸರಿ. ಆದರೆ ಬಾಯಿ ಇನ್ನೂ ಕೊಳವೆಗೆ ಅಂಟಿಕೊಂಡಿದೆಯಲ್ಲ? ಆಗ ಇನ್ನೊಂದು ಸರಳಿಗೆ ಚೂರು ಬಿಸಿ ಗಾಜು ಮೆತ್ತಿ, ಅದನ್ನು ತಳಕ್ಕೆ ಅಂಟಿಸುತ್ತಾರೆ. ಕೊಳವೆಯನ್ನು ಬಿಡಿಸಿ, ಬಾಯನ್ನು ಮತ್ತೆ ಕಾಯಿಸಿ ತಿದ್ದುತ್ತಾರೆ. ಕೊನೆಗೆ ಸರಳಿಗೆ ಒಂದು ಏಟು. ಪಾತ್ರೆ ಕಳಚಿಕೊಳ್ಳುತ್ತದೆ, ತಳದ ನಡುವೆ ಒಂದು ಗಾಯ ಉಳಿಯುತ್ತದೆ. ಇದಕ್ಕೆ ಪಾಂಟಿಲ್ ಗುರುತು ಅನ್ನುತ್ತಾರೆ. ಕೆಲವು ಸಲ ಅದು ಬೆರಳಿಗೆ ಚುಚ್ಚುವಷ್ಟು ಒರಟು. ಒಳ್ಳೆ ಕಾರ್ಖಾನೆಗಳು ಅದನ್ನು ಉಜ್ಜಿ ನಯ ಮಾಡುತ್ತವೆ. ಆಗ ಒಂದು ಸಣ್ಣ ನುಣುಪು ಗುಳಿ ಕಾಣುತ್ತದೆ. ಮೈಯುದ್ದಕ್ಕೂ ಅಚ್ಚಿನ ಗೆರೆ ಕಂಡರೆ, ಅದು ಅಚ್ಚಿನಲ್ಲಿ ಬಂದ ಮಾಲು ಎಂದು ತಿಳಿಯಿರಿ.

ಗಾಜಿನೊಳಗೆ ಗುಳ್ಳೆ ಇದ್ದರೆ ಕೈಕೆಲಸ ಅಂತ ತುಂಬಾ ಜನ ನಂಬುತ್ತಾರೆ. ಅದೊಂದೇ ಸಾಲದು. ಅಗ್ಗದ ಗಾಜಿನಲ್ಲೂ ಗುಳ್ಳೆ ಇರುತ್ತದೆ.

ಇನ್ನು ವಯಸ್ಸು. ಭೂತಗನ್ನಡಿ ಹಿಡಿದು ತಳ ನೋಡಿ. ಹತ್ತಾರು ವರ್ಷ ಕಪಾಟಿನ ಮೇಲೆ ಎತ್ತಿ ಇಟ್ಟು ಮಾಡಿದ ಗಾಜಿಗೆ ಸಣ್ಣ ಸಣ್ಣ ಗೀರು ಬಿದ್ದಿರುತ್ತವೆ. ಹಲಗೆಗೆ ತಾಗುವ ಅಂಚಿನಲ್ಲಿ ಮಾತ್ರ, ಎಲ್ಲ ದಿಕ್ಕಿಗೂ. ಗೀರುಗಳೆಲ್ಲ ಒಂದೇ ಕಡೆಗೆ ಎಳೆದ ಹಾಗಿದ್ದರೆ, ಅಥವಾ ಹಲಗೆಗೆ ತಾಗದ ಗುಳಿಯೊಳಗೂ ಇದ್ದರೆ, ಯಾರೋ ಉಪ್ಪುಕಾಗದ ಹಾಕಿ ಉಜ್ಜಿರಬಹುದು ಎಂದು ಅನುಮಾನಪಡಬೇಕು.

ಅಂಟಿಸಿದ ಚೀಟಿಯನ್ನು ಸುಲಭಕ್ಕೆ ನಂಬಬೇಡಿ. ಒಂದರಿಂದ ಕಿತ್ತು ಇನ್ನೊಂದಕ್ಕೆ ಹಚ್ಚಲು ಎಷ್ಟು ಹೊತ್ತು? ಹಾಗೆಂದು ಅದು ಏನೂ ಹೇಳುವುದಿಲ್ಲ ಅಂತಲ್ಲ. ಉದಾಹರಣೆಗೆ, ‘ವೆತ್ರೊ ಅರ್ತಿಸ್ತಿಕೊ ಮುರಾನೊ’ ಎಂಬ ಅಧಿಕೃತ ಗುರುತು ಬಂದದ್ದು 1994ರ ಕಾನೂನಿನಿಂದ. ಆ ಚೀಟಿ ಹಚ್ಚಿ 1950ರ ಮಾಲು ಅಂತ ಮಾರಿದರೆ, ಲೆಕ್ಕ ಎಲ್ಲೋ ತಪ್ಪಿದೆ. ವೆನಿನಿಯ ಎಷ್ಟೋ ಹಳೆಯ ಗಾಜಿನಲ್ಲಿ ಆಸಿಡ್‌ನಿಂದ ಕೊರೆದ ಪುಟ್ಟ ಮುದ್ರೆ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿಯದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಬೆಲೆ ವಿಚಾರಕ್ಕೆ ಬರೋಣ. ಹಳೆಯದು ಅಂದ ಮಾತ್ರಕ್ಕೆ ಬೆಲೆ ಜಾಸ್ತಿ ಆಗುವುದಿಲ್ಲ. ಯಾರ ವಿನ್ಯಾಸ, ಯಾವ ಕಾರ್ಖಾನೆ, ಎಂಥ ಕೆಲಸ ಅನ್ನುವುದು ಮುಖ್ಯ. ಮುರಾನೊದಲ್ಲೇ ಪ್ರವಾಸಿಗರಿಗಾಗಿ ರಾಶಿ ರಾಶಿ ಮಾಡಿದ ಹಳೆ ಬೂದಿಬಟ್ಟಲುಗಳಿವೆ. ಸ್ಕಾರ್ಪಾ ಹೂದಾನಿಯಲ್ಲಿ ಗಾಜು ಬಿಸಿಯಾಗಿದ್ದಾಗಲೇ ಬಣ್ಣದ ಗಾಜನ್ನು ಕುಂಚದಿಂದ ಎಳೆದ ಹಾಗೆ ಮೈಗೆ ಸೇರಿಸಿದ್ದಾರೆ. ಅಂಥ ಕೈ ಅಪರೂಪ, ಅದಕ್ಕೇ ಆ ದುಡ್ಡು.

ಆಮೇಲೆ ಸ್ಥಿತಿ. ಅದೇ ಹೂದಾನಿ ಸ್ವಲ್ಪ ಮುಕ್ಕಾಗಿದ್ದರೂ 10,000 ಡಾಲರ್ ಕೂಡ ಬರುತ್ತಿರಲಿಲ್ಲ ಎಂದು ಹರಾಜು ಮನೆಯವರೇ ಹೇಳಿದ್ದರು. ಆದ್ದರಿಂದ ಕಣ್ಣನ್ನು ನಂಬಿ ಕೂರಬೇಡಿ. ಬಾಯಿಯ ಅಂಚಿನ ಸುತ್ತ ನಿಧಾನವಾಗಿ ಬೆರಳಾಡಿಸಿ. ಕಣ್ಣಿಗೆ ಕಾಣದ ಮುಕ್ಕು ಬೆರಳಿಗೆ ಸಿಗುತ್ತದೆ. ಒಂದು ಕಡೆ ಅಂಚು ಬೇರೆ ಕಡೆಗಿಂತ ಚಪ್ಪಟೆ ಅನಿಸಿದರೆ, ಮುಕ್ಕನ್ನು ಉಜ್ಜಿ ಮರೆಸಿರಬಹುದು.

ಇಂಟರ್‌ನೆಟ್ಟಿನಲ್ಲಿ ಮಾರುವವರು ಕೇಳುವ ಬೆಲೆ ನೋಡಿ ಮರುಳಾಗಬೇಡಿ. ಎಷ್ಟು ಬೇಕಾದರೂ ಕೇಳಬಹುದು, ಕೊಳ್ಳುವವರು ಬೇಕಲ್ಲ! ಹರಾಜಿನಲ್ಲಿ ಹಿಂದೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದನ್ನು ಹುಡುಕಿ. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ನಿಮ್ಮ ಮಕ್ಕಳಿಗೆ ಇಂಥದ್ದೊಂದು ಸಿಕ್ಕರೆ ತಳ, ಬಾಯಿ, ಮುದ್ರೆ ಮೂರರದ್ದೂ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಒಳ್ಳೆಯ ಹರಾಜು ಮನೆಗೆ ಕಳಿಸಲು ಹೇಳಿ. ಅಲ್ಲಿಯವರೆಗೆ ಹಳೆ ಚೀಟಿ ಕೀಳುವುದು ಬೇಡ, ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಲೇಬಾರದು.

ನಮಸ್ಕಾರ.